ಗೃಹಕೃತ್ಯ: ಹಳೆಯ ಪೆಟ್ಟಿಗೆಯ ಮುಗ್ಗುಲು ವಾಸನೆ

ನವರಾತ್ರಿಯು ಸಮೀಪಿಸುತ್ತಲೇ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಬೊಂಬೆಯ ಪೆಟ್ಟಿಗೆಯು ಅಟ್ಟದಿಂದ ಕೆಳಗಿಳಿಯುವುದು. ಮುಚ್ಚಳವನ್ನು ತೆರೆದೊಡನೆ ಮೊದಲು ಎದುರಾಗುವುದು ಬೊಂಬೆಗಳಲ್ಲ, ಮಳೆಗಾಲದ ಮುಗ್ಗುಲು ವಾಸನೆ. ಮಲೆನಾಡಿನಲ್ಲಂತೂ ಈ ಪೀಡೆಯು ಬೀರು, ಕಪಾಟು, ಮಂಚಗಳೊಂದನ್ನೂ ಬಿಡದು. ಆಗುಂಬೆಯಂತಹ ಊರಿನಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವುದಷ್ಟೆ. ಈ ವಾಸನೆಗೆ ಬೇಸತ್ತು ಅಜ್ಜಿಯ ಕಾಲದ ಬೀಟೆಯ ಪೆಟ್ಟಿಗೆಯನ್ನು ಸಿಕ್ಕಿದ ಬೆಲೆಗೆ ಮಾರಿಬಿಡುವವರೂ ಉಂಟು. ಗಟ್ಟಿಯಾದ ಮರವನ್ನು ಬರಿಯ ವಾಸನೆಯ ದೆಸೆಯಿಂದ ಕಳೆದುಕೊಳ್ಳುವುದು ತರವಲ್ಲ. ಅಂತಹ ಬೀಟೆಯು ಈಗ ಬೇಕೆಂದಾಗ ದೊರೆಯತಕ್ಕದ್ದಲ್ಲ.

ಈ ವಾಸನೆಯು ಮರದ್ದಲ್ಲ, ತೇವದಲ್ಲಿ ಬೆಳೆಯುವ ಬೂಷ್ಟಿನದು. ಗಾಳಿಯ ಆರ್ದ್ರತೆಯು ನೂರಕ್ಕೆ ಸುಮಾರು 70ನ್ನು ಮೀರಿ ಹಲವು ದಿನ ನಿಂತರೆ ಬೂಷ್ಟು ಚಿಗುರುವುದು. ಬಡಗಿಗಳು ಹೊರಮೈಗೆ ಮೆರುಗು ಕೊಟ್ಟು, ಒಳಮೈ, ತಳ, ಬೆನ್ನಹಲಗೆಗಳನ್ನು ಹಾಗೆಯೇ ಬಿಡುವುದು ವಾಡಿಕೆ. ಆ ಬರಿಯ ಮರವೇ ತೇವವನ್ನು ಹೀರುವುದು. ಆದುದರಿಂದ ಊದುಬತ್ತಿ, ಕರ್ಪೂರ, ಅತ್ತರುಗಳಿಂದ ವಾಸನೆಯು ಕೆಲವು ದಿನ ಮರೆಯಾಗುವುದೇ ಹೊರತು ಹೋಗುವುದಿಲ್ಲ. ತೇವವನ್ನು ಕಳೆಯುವುದೇ ಇದರ ಮದ್ದು.

ಮೊದಲು ಪೆಟ್ಟಿಗೆಯನ್ನು ಬರಿದು ಮಾಡಿ, ಸೆಳೆಖಾನೆಗಳನ್ನು ಹೊರತೆಗೆದು, ತಳವನ್ನೂ ಬೆನ್ನನ್ನೂ ಪರೀಕ್ಷಿಸಬೇಕು. ಹಿಟ್ಟಿನಂತಹ ಪುಡಿಯು ಉದುರುತ್ತಿದ್ದರೆ ಕೊರೆಯುವ ಹುಳುವೂ, ಮಣ್ಣಿನ ಗೆರೆಗಳಿದ್ದರೆ ಗೆದ್ದಲೂ ಸೇರಿದೆಯೆಂದು ತಿಳಿಯಬೇಕು. ಸೂಜಿಯು ಮೆತ್ತಗೆ ಒಳಗಿಳಿದರೆ ಮರವೇ ಕೊಳೆತಿದೆ. ಆ ಹಲಗೆಯನ್ನು ಬಡಗಿಯಿಂದ ಬದಲಾಯಿಸುವುದೇ ಸರಿ.

ಮರವು ಗಟ್ಟಿಯಾಗಿದ್ದರೆ ಅಂಗಳಕ್ಕೆ ಒಯ್ದು, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಬೂಷ್ಟನ್ನು ಕುಂಚದಿಂದ ಉಜ್ಜಿ ತೆಗೆಯಬೇಕು. ಇದನ್ನು ಮನೆಯೊಳಗೆ ಮಾಡಕೂಡದು. ಬೂಷ್ಟಿನ ಕಣಗಳು ಹಾರಿ ಉಬ್ಬಸವುಳ್ಳವರಿಗೆ ತೊಂದರೆಯಾಗುವುದು. ಬಳಿಕ ಬಿಳಿಯ ವಿನಿಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಮೆರುಗಿಲ್ಲದ ಒಳಭಾಗವನ್ನು ಮಾತ್ರ ಒರಸಬೇಕು. ಮರವನ್ನು ನೆನೆಸಬಾರದು. ಬ್ಲೀಚಿಂಗ್ ಪುಡಿಯನ್ನು ಹಚ್ಚುವುದು ಬೇಡ. ಅದು ಮರದ ಬಣ್ಣವನ್ನು ಕೆಡಿಸುವುದಲ್ಲದೆ, ವಿನಿಗರಿನೊಡನೆ ಸೇರಿದರೆ ಕ್ಲೋರಿನ್ ಎಂಬ ವಿಷವಾಯುವು ಹೊರಡುವುದು.

ಅನಂತರ ನಾಲ್ಕೈದು ದಿನ ಗಾಳಿಯಾಡುವ ನೆರಳಿನಲ್ಲಿ ಮುಚ್ಚಳ ತೆರೆದಿಡಬೇಕು. ಬೆಳಗಿನ ಎಳೆಬಿಸಿಲು ಒಳಮೈಗೆ ತಾಗಿದರೆ ಒಳ್ಳೆಯದು. ನಡುಹಗಲಿನ ಬಿಸಿಲಿಗೆ ಇಟ್ಟರೆ ಹಲಗೆ ಸೀಳಿ, ಕೀಲುಗಳು ಸಡಿಲವಾಗುವುವು. ಸಂಜೆಯ ಮಂಜು ಬೀಳುವ ಮೊದಲೇ ಒಳಗೆ ತರತಕ್ಕದ್ದು.

ಒಣಗಿದ ಮೇಲೂ ವಾಸನೆಯು ಸ್ವಲ್ಪ ಉಳಿದಿದ್ದರೆ, ಒಣಗಿದ ಇದ್ದಲಿನ ತುಂಡುಗಳನ್ನಾಗಲಿ ಅಡಿಗೆ ಸೋಡಾವನ್ನಾಗಲಿ ಅಗಲವಾದ ಪಾತ್ರೆಯಲ್ಲಿ ಒಳಗಿಟ್ಟು, ಮುಚ್ಚಳ ಹಾಕಿ, ವಾರವೊಂದು ಬಿಡಬೇಕು. ಅದಕ್ಕೂ ಬಗ್ಗದಿದ್ದರೆ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಒಳಮೈಗೆ ತೆಳುವಾಗಿ ಎರಡು ಸಲ ಬಳಿದರೆ, ಮರದೊಳಗಿನ ವಾಸನೆಯು ಹೊರಬರದಂತೆ ತಡೆಯಾಗುವುದು. ಸ್ಪಿರಿಟ್ಟು ಬೇಗನೆ ಹೊತ್ತಿಕೊಳ್ಳುವುದರಿಂದ ಸಮೀಪದಲ್ಲಿ ದೀಪವಾಗಲಿ ಒಲೆಯಾಗಲಿ ಇರಕೂಡದು. ತೇವವಿರುವ ಮರಕ್ಕೆ ಇದನ್ನು ಬಳಿಯುವುದು ಸಲ್ಲದು. ಕೊಬ್ಬರಿ ಎಣ್ಣೆಯನ್ನು ಒಳಗೆ ಸವರುವವರಿದ್ದಾರೆ. ಆ ಎಣ್ಣೆಯು ಆರದೆ ಉಳಿದು, ಹಳತಾದಂತೆ ಕಮಟು ವಾಸನೆಯನ್ನೂ ಸೇರಿಸುವುದು.

ನುಸಿಗುಳಿಗೆಯ ವಿಷಯದಲ್ಲಿ ತಾಯಂದಿರು ವಿಶೇಷವಾಗಿ ಎಚ್ಚರಿಕೆ ವಹಿಸಬೇಕು. ನ್ಯಾಫ್ತಲೀನಿನ ಗುಳಿಗೆಯು ನುಸಿಯನ್ನು ದೂರವಿಡಬಹುದೇ ಹೊರತು ತೇವವನ್ನು ಹೀರುವುದಿಲ್ಲ. ಕೆಲವು ಶಿಶುಗಳ ರಕ್ತದಲ್ಲಿ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವುದುಂಟು. ಅಂತಹ ಮಗುವಿಗೆ ಈ ಗುಳಿಗೆಯೊಡನೆ ಕಟ್ಟಿಟ್ಟಿದ್ದ ಬಟ್ಟೆಯನ್ನು ತೊಡಿಸಿದರೆ ಕೆಂಪುಕಣಗಳು ಒಡೆದು, ಪ್ರಾಣಾಪಾಯವಾಗುವಂತಹ ಕಾಮಾಲೆಯು ಬರಬಹುದು. ಕೊರತೆಯುಂಟೋ ಇಲ್ಲವೋ ನೋಡಿದರೆ ತಿಳಿಯದು. ಆದಕಾರಣ ಕುಲಾವಿ, ಹಚ್ಚಡ, ತೊಟ್ಟಿಲ ಬಟ್ಟೆಗಳಿರುವ ಪೆಟ್ಟಿಗೆಯಲ್ಲಿ ಅದನ್ನು ಇಡಲೇಕೂಡದು.

ಪೆಟ್ಟಿಗೆಯು ಶುದ್ಧವಾದರೂ ಒಳಗಿನ ವಸ್ತುಗಳು ವಾಸನೆಯನ್ನು ಮತ್ತೆ ತರುವುವು. ರೇಷ್ಮೆಯ ಸೀರೆಗಳನ್ನು ನೆರಳಿನಲ್ಲಿ ಹರವಿ ಗಾಳಿಗೊಡ್ಡಬೇಕು. ಬಣ್ಣದ ಮರದ ಬೊಂಬೆಗಳನ್ನು ಒಣಬಟ್ಟೆಯಿಂದ ಮಾತ್ರ ಒರಸಬೇಕು. ಮನೆಪತ್ರಗಳಿದ್ದರೆ ಒಂದೊಂದಾಗಿ ಬಿಡಿಸಿಡಬೇಕು.

ಕೊನೆಯದಾಗಿ, ಪೆಟ್ಟಿಗೆಯನ್ನು ಬಚ್ಚಲಿನ ಗೋಡೆಗೆ ತಾಗಿಸದೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ, ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಮರದ ತುಂಡುಗಳ ಮೇಲೆ ನಿಲ್ಲಿಸಬೇಕು. ಮಳೆ ಬಿಟ್ಟ ದಿನಗಳಲ್ಲಿ ಅರ್ಧ ಗಂಟೆಯಾದರೂ ಮುಚ್ಚಳ ತೆರೆದಿಟ್ಟು, ಇದ್ದಲನ್ನು ಬಿಸಿಲಿಗೆ ಕಾಯಿಸಿ ಮತ್ತೆ ಒಳಗಿಡುವುದು ಒಳ್ಳೆಯ ರೂಢಿ. ಇಷ್ಟಕ್ಕೆ ತಗಲುವ ವೆಚ್ಚವು ಅತ್ಯಲ್ಪ. ಆದುದರಿಂದ ಮುಗ್ಗಿದ ಪೆಟ್ಟಿಗೆಯನ್ನು ಮಾರುವ ಮುನ್ನ ಒಂದು ವಾರ ಗಾಳಿಗೆ ತೆರೆದಿಟ್ಟು ನೋಡಬೇಕೆಂದು ನಮ್ಮ ಸೋದರಿಯರಲ್ಲಿ ವಿಜ್ಞಾಪಿಸುತ್ತೇವೆ.