ಆಟದ ಊರಲ್ಲಿ ನಮ್ಮ ಕೇರಿ ಎಲ್ಲಿದೆ?

ಕಂಪ್ಯೂಟರ್ ಗೇಮ್ ಬಗ್ಗೆ ಇವನ್ಯಾಕೆ ಬರೀತಾನೆ ಅಂತ ಕೆಲವು ಸಂಗಾತಿಗಳು ನಗಬಹುದು. ನಗಿ, ಆದ್ರೆ ಪೂರ್ತಿ ಓದಿ.

ಹಾಸ್ಟೆಲ್‌ನಲ್ಲಿದ್ದಾಗ ಸೈಬರ್ ಸೆಂಟರ್‌ಗೆ ಹೋಗಿ 'ಏಜ್ ಆಫ್ ಎಂಪೈರ್ಸ್ 2' ಆಡೋ ಹುಚ್ಚು ನನಗೂ ಇತ್ತು. 1999ರಲ್ಲಿ ಬಂದ ಆಟ. ಊರು ಕಟ್ಟಬೇಕು, ಸೈನ್ಯ ಬೆಳೆಸಬೇಕು, ಶತ್ರುವನ್ನ ಸೋಲಿಸಬೇಕು. 50 ಆಹಾರ ಖರ್ಚು ಮಾಡಿದ್ರೆ ಒಬ್ಬ ಹಳ್ಳಿಗ ಹುಟ್ತಾನೆ. ಮರ ಕಡೀತಿದ್ದವನು ಒಂದು ಕ್ಲಿಕ್‌ಗೆ ಬೇಸಾಯಕ್ಕೆ ಇಳೀತಾನೆ, ಇನ್ನೊಂದು ಕ್ಲಿಕ್‌ಗೆ ಚಿನ್ನ ಅಗೀತಾನೆ, ಕೋಟೆ ಕಟ್ತಾನೆ. ನಿಮ್ಮಪ್ಪ ಏನು ಕೆಲಸ ಮಾಡ್ತಿದ್ದ ಅಂತ ಯಾರೂ ಕೇಳಲ್ಲ. ದಾಳಿ ಆದಾಗ ಗಂಟೆ ಬಾರಿಸಿದ್ರೆ ಎಲ್ಲಾ ಹಳ್ಳಿಗರೂ ಓಡಿ ಬಂದು ಊರ ಕಟ್ಟಡಗಳ ಒಳಗೆ ಸೇರ್ಕೋತಾರೆ. ನೀನು ಹೊರಗಿರು ಅನ್ನೋರು ಯಾರೂ ಇಲ್ಲ.

ನಮ್ಮೂರಲ್ಲಿ ನಮ್ಮಜ್ಜನಿಗೆ ಕೆಲಸ ಆರಿಸಿಕೊಳ್ಳೋ ಹಕ್ಕೇ ಇರಲಿಲ್ಲ. ಯಾರ ಮನೆ ದನ ಸತ್ರೂ ಹೊರೋದು ಅವನೇ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಎತ್ತಿದ ಪ್ರಶ್ನೆಗಳಲ್ಲಿ ಇದೂ ಒಂದು: ಕೆಲಸವನ್ನ ಹುಟ್ಟು ಯಾಕೆ ತೀರ್ಮಾನಿಸಬೇಕು?

ಆಟದಲ್ಲಿ ಹೆಣ ಹೊರೋರೇ ಬೇಕಿಲ್ಲ. ಸತ್ತ ಸೈನಿಕ, ಸತ್ತ ಕುದುರೆ ಬಿದ್ದಲ್ಲೇ ಎಲುಬಾಗಿ, ತಾನಾಗೇ ಮಾಯ ಆಗುತ್ತೆ. ಚರಂಡಿ ಇಲ್ಲ, ಚರ್ಮ ಹದ ಮಾಡೋರಿಲ್ಲ. ನಮ್ಮವರ ದುಡಿಮೆಯನ್ನೇ ಅಳಿಸಿ ಹಾಕಿದ್ದಾರೆ.

ಯುರೋಪಿನ ಕಥೆ ಇರೋವರೆಗೆ ನನಗಿದು ಹೊಳೆದಿರಲಿಲ್ಲ. 2022ರಲ್ಲಿ 'ಡೈನಾಸ್ಟೀಸ್ ಆಫ್ ಇಂಡಿಯಾ' ಬಂತು. ರಾಜೇಂದ್ರ ಚೋಳನ ಕಥೆ, ಆನೆಗಳು, ಹಡಗುಗಳು. ನನ್ನ ಅಕ್ಕನ ಮಗ ಕುಣಿದಾಡ್ತಾ ತೋರಿಸಿದ. ನೋಡೋಕೆ ಚೆನ್ನಾಗೇ ಇದೆ. ಆದ್ರೆ ಇದೇ ರಾಜೇಂದ್ರನ ಅಪ್ಪ ರಾಜರಾಜ ಕಟ್ಟಿಸಿದ ತಂಜಾವೂರಿನ ದೇವಾಲಯದ ಶಾಸನಗಳಲ್ಲಿ ಊರಿನ ನೆಲೆ ಬೇರೆ, 'ಪರೈಚ್ಚೇರಿ' ಬೇರೆ ಅಂತ ಕೆತ್ತಿದ್ದಾರೆ. ಸಾವಿರ ವರ್ಷದ ಹಿಂದಿನ ಕಲ್ಲಿನಲ್ಲಿ ಇರೋ ಕೇರಿ ಇವತ್ತಿನ ಸ್ಕ್ರೀನ್‌ನಲ್ಲಿ ಇಲ್ಲ.

'ಆಟವನ್ನ ಆಟ ಅಂತ ನೋಡಿ' ಅಂತೀರಾ? ಸರಿ. ಹಾಗಾದ್ರೆ ಆನೆ, ಕತ್ತಿ, ರಾಜನ ಹೆಸರು ಮಾತ್ರ ಯಾಕೆ ಇತಿಹಾಸದಿಂದಲೇ ಬೇಕು? ವೈಭವ ನಿಜವಾಗಿರಬೇಕು, ಜಾತಿ ಮಾತ್ರ ಕಾಣಬಾರದು ಅನ್ನೋದು ಯಾವ ನ್ಯಾಯ?

ಆಟದಲ್ಲಿ ನಮ್ಮನ್ನ ಅವಮಾನಿಸಿ ತೋರಿಸಿ ಅಂತ ನಾನು ಕೇಳ್ತಿಲ್ಲ. ಮಕ್ಕಳು ಆಡಲಿ. ಆಡುವಾಗ ಪಕ್ಕದಲ್ಲಿ ಕೂತು ಒಂದು ಮಾತು ಹೇಳಿ: ಮಗಾ, ಈ ಹಳ್ಳಿಗನಿಗಿರೋ ಸ್ವಾತಂತ್ರ್ಯ ನಿನ್ನ ಮುತ್ತಜ್ಜನಿಗೆ ಇರಲಿಲ್ಲ. ಅದಕ್ಕೇ ನಾವು ಇನ್ನೂ ಹೋರಾಡ್ತಿರೋದು.

ಜೈ ಭೀಮ್.