ಏಳು ಗಂಟೆಯ ಸೂಜಿ

ಅಕ್ಕಲಕೋಟ ರಸ್ತೆ ಎಂಐಡಿಸಿಯ ಒಂದು ಟಾವೆಲ್ ಕಾರಖಾನೆಯಲ್ಲಿ ಮುಂಜಾನೆ ಏಳಕ್ಕೆ ಪಾಳಿ ಬದಲಾಗುತ್ತದೆ. ಆ ಹೊತ್ತಿಗೆ ಕಾವಲುಗಾರನ ಕೋಣೆಯ ಮುಂದೆ ಕೆಂಚಿ ಎಂಬ ಹೆಣ್ಣುನಾಯಿ ತನ್ನ ಪಾಲಿನ ಭಕ್ಕರಿ ತಿಂದು ಮುಗಿಸಿರುತ್ತದೆ. ಏಳನೆಯ ತರಗತಿಯ ಮಗಳು ಅದರ ಹೆಗಲ ಮೇಲಿನ ಸಡಿಲ ಚರ್ಮವನ್ನು ಎತ್ತಿ ಹಿಡಿಯುತ್ತಾಳೆ, ತಂದೆ ಇನ್ಸುಲಿನ್ ಚುಚ್ಚುತ್ತಾನೆ. ಸಂಜೆ ಏಳಕ್ಕೆ ಮತ್ತೊಮ್ಮೆ.

ಹೊಟ್ಟೆತುಂಬ ತಿಂದರೂ ಕೆಂಚಿ ಸೊರಗುತ್ತಿತ್ತು. ನೀರಿನ ಬೋಗುಣಿ ಎಷ್ಟು ತುಂಬಿಸಿದರೂ ಬರಿದಾಗುತ್ತಿತ್ತು. ಅದು ಮೂತ್ರ ಮಾಡಿದಲ್ಲಿ ಇರುವೆ ಮುತ್ತುವುದನ್ನು ಮೊದಲು ಕಂಡವಳು ಮಗಳು. ನಮ್ಮ ಪ್ರಾಚೀನ ವೈದ್ಯರು ಮಧುಮೇಹವನ್ನು ಗುರುತಿಸಿದ್ದೂ ಇದೇ ಇರುವೆಗಳಿಂದ. ಸಂತಾನಶಕ್ತಿಹರಣ ಮಾಡಿಸದ ಹೆಣ್ಣುನಾಯಿಗಳಿಗೆ ಬೆದೆಯ ನಂತರದ ವಾರಗಳಲ್ಲಿ ಈ ರೋಗದ ಅಪಾಯ ಹೆಚ್ಚು. ಆ ಶಸ್ತ್ರಕ್ರಿಯೆ ಮಾಡಿಸದಿದ್ದರೆ ಇನ್ಸುಲಿನ್ ಹಿಡಿತಕ್ಕೆ ಬರುವುದು ಕಷ್ಟವೆಂದು ಪಶುವೈದ್ಯರು ತಿಳಿಸಿದರು. ಅದಕ್ಕೂ ಹಣ ಹೊಂದಿಸಲಾಯಿತು.

“ನಾಯಿಗ್ಯಾಕ ಮಂದಿ ಔಷಧ?” ಎಂದು ನೆರೆಯವರು ನಕ್ಕರು. ನಿಜ ಹೇಳಬೇಕೆಂದರೆ ಔಷಧವನ್ನು ಮೊದಲು ಪಡೆದದ್ದು ನಾಯಿಗಳೇ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ತಾವೇ ಮಧುಮೇಹ ಬರಿಸಿದ ನಾಯಿಗಳ ಮೇಲೆ ಮೇದೋಜೀರಕ ಗ್ರಂಥಿಯ ಸಾರವನ್ನು ಪ್ರಯೋಗಿಸಿದರು. 1922ರ ಜನವರಿಯಲ್ಲಿ ಅದು 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಬಾಲಕನಿಗೆ ದೊರೆಯಿತು. ಆ ನಾಯಿಗಳನ್ನು ಯಾರೂ ಕೇಳಿರಲಿಲ್ಲ.

ಔಷಧಕ್ಕಿಂತ ಕಷ್ಟವಾದದ್ದು ಬಿಸ್ಕತ್ತು. ಚಹಾಕ್ಕೆ ಬಂದ ಕಾರ್ಮಿಕರೆಲ್ಲ ಕೆಂಚಿಗೆ ಒಂದೊಂದು ಎಸೆಯುವವರೇ. ಮಗಳು ರಟ್ಟಿನ ಮೇಲೆ ಕನ್ನಡ, ಮರಾಠಿಗಳಲ್ಲಿ “ತಿನ್ನಿಸಬೇಡಿ” ಎಂದು ಬರೆದು ತೂಗುಹಾಕಿದಳು. ಕೆಳಗೆ ಒಬ್ಬ ನೇಕಾರರು ತೆಲುಗಿನಲ್ಲಿ ಸೇರಿಸಿದರು. ಬೇಸಿಗೆಯಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುವುದರಿಂದ ಒಡೆಯದ ಸೀಸೆಗಳು ಕಚೇರಿಯ ಫ್ರಿಜ್ಜಿನಲ್ಲಿದ್ದವು, ಬಳಕೆಯದು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ. ಸೀಸೆಯ ಮೇಲೆ 40 ಎಂದಿದ್ದರೆ ಸಿರಿಂಜೂ 40ರದೇ ಆಗಬೇಕು. 100ರದನ್ನು ಬಳಸಿದರೆ ಪ್ರಮಾಣ ತಪ್ಪುತ್ತದೆ. ಈ ಲೆಕ್ಕ ಮಗಳ ಪಾಲಿನದು.

ಒಮ್ಮೆ ಅವಸರದಲ್ಲಿ ತಂದೆ ಊಟಕ್ಕೆ ಮೊದಲೇ ಚುಚ್ಚಿದ. ಕೆಂಚಿ ಆ ಸಂಜೆ ತಟ್ಟೆಯನ್ನು ಮೂಸಿ ಹಿಂದೆ ಸರಿಯಿತು. ರಾತ್ರಿಯ ಹೊತ್ತಿಗೆ ಕಾಲು ತೊಡರಿ ಬಿದ್ದು ನಡುಗತೊಡಗಿತು. ಸಕ್ಕರೆಯ ಅಂಶ ಮಿತಿಮೀರಿ ಇಳಿದಿತ್ತು. ಬಾಯಿಗೆ ಸುರಿದರೆ ಉಸಿರುನಾಳಕ್ಕೆ ಹೋದೀತೆಂದು ಮಗಳು ಬೆಲ್ಲದ ನೀರನ್ನು ಬೆರಳಿನಿಂದ ವಸಡಿಗೆ ತಿಕ್ಕಿದಳು. ನಡುಕ ನಿಂತ ಮೇಲೆ ರಿಕ್ಷಾದಲ್ಲಿ ವೈದ್ಯರ ಬಳಿಗೆ ಒಯ್ದರು. ತಂದೆ ದಾರಿಯುದ್ದಕ್ಕೂ ಮಾತನಾಡಲಿಲ್ಲ. ಅಂದಿನಿಂದ ಮೊದಲು ಅನ್ನ, ಆಮೇಲೆ ಸೂಜಿ. ತಿನ್ನದಿದ್ದರೆ ವೈದ್ಯರಿಗೆ ಫೋನು.

ಇಷ್ಟಾದರೂ ಕಣ್ಣು ಉಳಿಯಲಿಲ್ಲ. ಮಧುಮೇಹದ ನಾಯಿಗಳಲ್ಲಿ ಹೆಚ್ಚಿನವಕ್ಕೆ ಪೊರೆ ಬರುತ್ತದೆ, ಕೆಂಚಿಗೂ ಬಂತು. ಈಗ ಪಾಳಿ ಬದಲಾಗುವಾಗ ಮಗ್ಗಗಳ ಸದ್ದು ತಗ್ಗಿದೊಡನೆ ಅದು ಎದ್ದು, ಗೋಡೆಗೆ ಮೈ ಸವರುತ್ತ ತಟ್ಟೆಯ ಬಳಿಗೆ ಬರುತ್ತದೆ. ಕಾರಖಾನೆಗೆ ರಜೆಯಿದ್ದ ದಿನ ಮಾತ್ರ ಮಗಳು ತಟ್ಟೆ ಬಾರಿಸಿ ಕರೆಯಬೇಕು.