‘ಗಿಗ್’ ಕೆಲಸ ಅಂದರೆ ಏನು? ಕಬ್ಬು ಕಡಿಯುವವರೂ ಗಿಗ್ ಕಾರ್ಮಿಕರೇ?

‘ಗಿಗ್ ಕಾರ್ಮಿಕರಿಗೆ ಸರ್ಕಾರದ ಸೌಲಭ್ಯ, ದಿನಗೂಲಿಯವರೆಲ್ಲ ಕೂಡಲೇ ಹೆಸರು ಬರೆಸಿ’ ಎನ್ನುವಂಥ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮುಂಚೆ ಆ ಪದವನ್ನೇ ಸ್ವಲ್ಪ ನೋಡೋಣ.

ಮೊಬೈಲ್ ಡೇಟಾದ ಗಿಗಾಬೈಟ್‌ಗೂ ಇದಕ್ಕೂ ಸಂಬಂಧವಿಲ್ಲ. ಆ ‘ಗಿಗಾ’ ಬಂದದ್ದು ದೈತ್ಯ ಎಂಬರ್ಥದ ಗ್ರೀಕ್ ಪದದಿಂದ. ಕೆಲಸದ ‘ಗಿಗ್’ ಜಾಝ್ ವಾದ್ಯಗಾರರ ಆಡುಮಾತು, 1920ರ ದಶಕದಲ್ಲಿ ಅಚ್ಚಿನಲ್ಲೂ ಸಿಗುತ್ತದೆ. ಒಂದು ರಾತ್ರಿ ನುಡಿಸುವುದು, ದುಡ್ಡು ಎಣಿಸಿಕೊಳ್ಳುವುದು, ನಾಳೆಯದು ನಾಳೆಗೆ. ವೀಳ್ಯ ತೆಗೆದುಕೊಂಡು ಮದುವೆಗೆ ಹೋಗುವ ನಮ್ಮ ವಾಲಗದವರ ಲೆಕ್ಕವೂ ಇದೇ ತಾನೆ! ಅದಕ್ಕೂ ಮೊದಲು ಇಂಗ್ಲಿಷಿನಲ್ಲಿ ಗಿಗ್ ಎಂದರೆ ಎರಡು ಚಕ್ರದ, ಒಂದು ಕುದುರೆಯ ಗಾಡಿ, ಹೆಚ್ಚುಕಮ್ಮಿ ನಮ್ಮ ಜಟಕಾದ ನೆಂಟ. ಗಾಡಿಯಿಂದಲೇ ಈ ಅರ್ಥ ಹುಟ್ಟಿತು ಎನ್ನಲು ಪುರಾವೆ ಇಲ್ಲ. ಮೂಲ ಯಾವುದೆಂದು ನಿಘಂಟುಕಾರರು ಇನ್ನೂ ತೀರ್ಮಾನಿಸಿಲ್ಲ. ಹಾಗಾಗಿ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿದರೆ ‘ಗಿಗ್’ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ‘ಗಿಗ್ ಆರ್ಥಿಕತೆ’ ಎಂಬ ಮಾತು ಓಡಾಡತೊಡಗಿದ್ದು 2008ರ ಆರ್ಥಿಕ ಕುಸಿತದ ನಂತರ.

‘ಕೂಲಿ’ಯದು ಉಲ್ಟಾ ಪ್ರಯಾಣ. ನಮ್ಮಲ್ಲಿ ಅದು ದುಡಿಮೆಗೆ ಸಿಗುವ ಹಣ. ಇಂಗ್ಲಿಷಿನವರ ಬಾಯಲ್ಲಿ ದುಡಿಯುವ ಮನುಷ್ಯನ ಹೆಸರಾಯಿತು, ದಕ್ಷಿಣ ಆಫ್ರಿಕದಂಥ ಕಡೆ ಬೈಗುಳವೂ ಆಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಆ್ಯಪ್ ಮೂಲಕ ಕೆಲಸ ಪಡೆಯುವವರಿಗೆ ಮಾತ್ರ. ಕೆ.ಆರ್. ಪೇಟೆಯಿಂದ ಬೆಂಗಳೂರಿಗೆ ಹೋಗಿ ಬೈಕಿನಲ್ಲಿ ಊಟ ತಲುಪಿಸುವ ಹುಡುಗ ಅದರೊಳಗೆ ಬರುತ್ತಾನೆ. ಅವನಿಗೆ ಕೊಡುವ ಹಣದ ಶೇ 1ರಿಂದ 5ರವರೆಗೆ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಸಾಮಾನ್ಯವಾಗಿ 14 ದಿನ ಮುಂಚೆ, ಕಾರಣವನ್ನು ಬರಹದಲ್ಲಿ ತಿಳಿಸದೆ ಕೆಲಸದಿಂದ ತೆಗೆಯುವಂತಿಲ್ಲ. ಶ್ರೀರಂಗಪಟ್ಟಣದ ಸ್ಟ್ಯಾಂಡಿನಲ್ಲಿ ನಿಂತು ಪ್ರವಾಸಿಗರನ್ನು ಕರೆದೊಯ್ಯುವ ಆಟೊದವರು ಬರುವುದಿಲ್ಲ. ಅವರೇ ಆ್ಯಪ್ ಬುಕಿಂಗ್ ಹಿಡಿದರೆ ಬರುತ್ತಾರೆ.

ಪಾಂಡವಪುರದಲ್ಲಿ ಟನ್ ಲೆಕ್ಕದಲ್ಲಿ ಕಬ್ಬು ಕಡಿಯುವವರು? ನಾಗಮಂಗಲದಲ್ಲಿ ಮರ ಹತ್ತಿ ತೆಂಗಿನಕಾಯಿ ಕೀಳುವವರು? ಪದದ ಅರ್ಥ ಹಿಡಿದು ಹೋದರೆ ಇದಕ್ಕಿಂತ ಪಕ್ಕಾ ಗಿಗ್ ಬೇರೆ ಇಲ್ಲ. ಕಾನೂನಿನ ಪ್ರಕಾರ ಮಾತ್ರ ಅವರು ಗಿಗ್ ಕಾರ್ಮಿಕರಲ್ಲ, ಏಕೆಂದರೆ ಕೆಲಸಕ್ಕೆ ಕರೆಯುವುದು ಮೇಸ್ತ್ರಿ, ಆ್ಯಪ್ ಅಲ್ಲ. ಫೋನಿನಲ್ಲಿ ಕರೆದರೆ ಒಂದು ರಕ್ಷಣೆ, ಮೇಸ್ತ್ರಿ ಕರೆದರೆ ಇನ್ನೊಂದು ಎಂಬುದು ನಮಗೇನೋ ಸರಿ ಕಾಣುವುದಿಲ್ಲ.

ಇವರಿಗಿರುವುದು ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಶುರು ಮಾಡಿದ ಇ-ಶ್ರಮ್. 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರು ಆಧಾರ್ ತೋರಿಸಿ ಸಾಮಾನ್ಯ ಸೇವಾ ಕೇಂದ್ರದಲ್ಲಿ ಹೆಸರು ಬರೆಸಬಹುದು. ನೋಂದಣಿಗೆ ಶುಲ್ಕವಿಲ್ಲ. ಫಾರ್ವರ್ಡ್‌ನಲ್ಲಿ ಬಂದ ಲಿಂಕ್ ಒತ್ತಿ, ಹಣ ಕಟ್ಟಿ, ಒಟಿಪಿ ಹೇಳಿ ‘ಗಿಗ್ ಕಾರ್ಡ್’ ಮಾಡಿಸಲು ಹೋಗಬೇಡಿ.